ದುಬೈ ಬೇಸಿಗೆಯಲ್ಲಿ ವಾಕಿಂಗ್, ಕ್ರಿಕೆಟ್, ವ್ಯಾಯಾಮ: ಹೊಸದಾಗಿ ಬಂದವರಿಗೆ

ಬೆಳಗ್ಗೆ ಎದ್ದು ವಾಕಿಂಗ್ ಹೋಗುವ ಅಭ್ಯಾಸ ನಮ್ಮವರಿಗೆಲ್ಲ ಇದೆ, ಒಳ್ಳೆಯದೇ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿನ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಮೊಬೈಲಿನಲ್ಲಿ ಬರೀ ಡಿಗ್ರಿ ನೋಡಿ ಹೊರಡಬೇಡಿ, ತೇವಾಂಶವನ್ನೂ ನೋಡಿ. ಆಗಸ್ಟ್‌ನಲ್ಲಿ ಬೆಳಗಿನ 5 ಗಂಟೆಗೂ 30 ಡಿಗ್ರಿ ದಾಟಿರುತ್ತದೆ, ತೇವವೂ ಆ ಹೊತ್ತಿನಲ್ಲೇ ಜಾಸ್ತಿ. ಬೆವರು ಆರಿದರೆ ತಾನೇ ಮೈ ತಣ್ಣಗಾಗುವುದು? ಇಲ್ಲಿ ಅದು ಆರುವುದೇ ಇಲ್ಲ, ಬಟ್ಟೆ ತೊಯ್ದು ತೊಟ್ಟಿಕ್ಕುತ್ತದೆ, ಬಿಸಿ ಒಳಗೇ ಉಳಿಯುತ್ತದೆ. "ನಾವು ಮಂಗಳೂರಿನವರು, ಸೆಕೆ ನಮಗೇನು ಹೊಸದಾ" ಅನ್ನುವವರೂ ದಯವಿಟ್ಟು ಕೇಳಿ. ಯಾವ ಊರಿನವರಾದರೂ ಮೈ ಒಗ್ಗಲು ಒಂದೆರಡು ವಾರ ಬೇಕು. 15 ನಿಮಿಷದ ನಿಧಾನ ನಡಿಗೆಯಿಂದ ಶುರು ಮಾಡಿ.

ಇನ್ನು ಕ್ರಿಕೆಟ್. ಇದನ್ನು ಗಟ್ಟಿಯಾಗಿಯೇ ಹೇಳುತ್ತೇವೆ. ಭಾನುವಾರ ಬೆಳಗ್ಗೆ 7ಕ್ಕೆ ಶುರುವಾದ ಆಟ "ಇನ್ನೊಂದು ಮ್ಯಾಚ್, ಇನ್ನೊಂದೇ ಮ್ಯಾಚ್" ಅಂತ 11ಕ್ಕೆ ಹೋಗಿ ನಿಲ್ಲುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಸರ್ಕಾರವೇ ನಿಯಮ ಮಾಡಿರುವ ಜಾಗ ಇದು. ನಮ್ಮ ಹುಡುಗರಲ್ಲೊಬ್ಬ ಫೀಲ್ಡಿಂಗ್ ಮಾಡುತ್ತಾ ಏನೇನೋ ಮಾತಾಡತೊಡಗಿದ, ಉಳಿದವರು ತಮಾಷೆ ಅಂದುಕೊಂಡು ನಕ್ಕರು. ಪುಣ್ಯಕ್ಕೆ ಉಳಿದುಕೊಂಡ. ಮಾತು ತೊದಲಿದರೆ, ನಡಿಗೆ ತಪ್ಪಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಹೀಟ್ ಸ್ಟ್ರೋಕ್ ಅಂತಲೇ ತಿಳಿಯಿರಿ, ಬೆವರು ಬರುತ್ತಿದ್ದರೂ ಸರಿ. 998ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರಲಿ ಅಂತ ಕೈಕಟ್ಟಿ ನಿಲ್ಲಬೇಡಿ, ನೆರಳಿಗೆ ತಂದು ಮೈಮೇಲೆ ತಣ್ಣೀರು ಸುರಿಯಿರಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್ ಇಡಿ, ಗಾಳಿ ಹಾಕಿ. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬೇಡಿ, ನಮ್ಮವರು ಮೊದಲು ಮಾಡುವುದೇ ಅದು. ಇನ್ಶೂರೆನ್ಸ್ ಲೆಕ್ಕವೆಲ್ಲ ಆಮೇಲೆ.

ಕುಡಿಯಲು:
- ಹೊರಡುವ ಮೊದಲೇ ನೀರು
- ಗಂಟೆಗಟ್ಟಲೆ ಬೆವರಿದರೆ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್. ಬರೀ ನೀರನ್ನೇ ಲೀಟರ್‌ಗಟ್ಟಲೆ ಬೇಡ
- ಏಕಾದಶಿ ಉಪವಾಸ ಇದ್ದ ದಿನ ಹೊರಗೆ ವ್ಯಾಯಾಮ ಬೇಡ

ಜಾಗ:
- ಬೇಸಿಗೆಯಲ್ಲಿ ಬಿಲ್ಡಿಂಗಿನ ಜಿಮ್, ಇಲ್ಲವೇ ಮಾಲ್ (2025ರ ಆಗಸ್ಟ್‌ನಲ್ಲಿ ದುಬೈನ ಹಲವು ಮಾಲ್‌ಗಳು ವಾಕಿಂಗ್‌ಗೆಂದೇ ಬೆಳಗ್ಗೆ ಬಾಗಿಲು ತೆರೆದಿದ್ದವು)
- ನವೆಂಬರ್‌ನಿಂದ ಮಾರ್ಚ್‌ವರೆಗೆ ಜಬೀಲ್ ಪಾರ್ಕ್, ಮಮ್ಜಾರ್, ಜುಮೇರಾ ಬೀಚ್

ಊರಿಂದ ಅಪ್ಪ ಅಮ್ಮ ಬಂದರೆ ಬಿಪಿ ಮಾತ್ರೆ ವಿಷಯ ಡಾಕ್ಟರ ಹತ್ತಿರ ಮೊದಲೇ ಕೇಳಿ, ಮೂತ್ರ ಜಾಸ್ತಿ ಹೋಗಿಸುವ ಮಾತ್ರೆ ಇದ್ದರೆ ಈ ಬಿಸಿಯಲ್ಲಿ ಬೇಗ ಸುಸ್ತಾಗುತ್ತಾರೆ. ಅವರನ್ನು ಒಬ್ಬೊಬ್ಬರನ್ನೇ ವಾಕಿಂಗ್ ಕಳಿಸಬೇಡಿ. ಜೇಬಿನಲ್ಲಿ ಬಿಲ್ಡಿಂಗ್ ಹೆಸರು, ನಿಮ್ಮ ನಂಬರ್ ಬರೆದ ಚೀಟಿ ಇಡಿ, ಇಂಗ್ಲಿಷಿನಲ್ಲಿ.