ಎಕ್ಸ್‌ಟೆಂಡೆಡ್ ವಾರಂಟಿ ಬೇಕಾ ಬೇಡವಾ: ಶಿರಸಿಯ ರಸ್ತೆಗೆ ನಾನು ಹಾಕಿದ ಲೆಕ್ಕ

ಹೊಸ ಕಾರಿನ ಕೊಟೇಶನ್‌ನಲ್ಲಿ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್ಯಾಗ್ ಎಲ್ಲ ಮುಗಿದ ಮೇಲೆ ಕೆಳಗೊಂದು ಸಾಲು ಇರುತ್ತದೆ: ಎಕ್ಸ್‌ಟೆಂಡೆಡ್ ವಾರಂಟಿ. ಹನ್ನೆರಡು ಲಕ್ಷದ ಮುಂದೆ ಇಪ್ಪತ್ತು ಸಾವಿರ ಕಣ್ಣಿಗೇ ಬೀಳುವುದಿಲ್ಲ. ಸಾಲಕ್ಕೆ ಸೇರಿಸಿಬಿಟ್ಟರೆ ಕಂತಿಗೆ ನಾನೂರು ಚಿಲ್ಲರೆ ಜಾಸ್ತಿ, ಅಷ್ಟೇ. ಹಾಗಾಗಿ ಎಷ್ಟೋ ಜನ ಅದೇನು ಅಂತ ಕೇಳದೆಯೇ ಸಹಿ ಹಾಕಿ ಬರುತ್ತಾರೆ. 2021ರ ನವೆಂಬರ್‌ನಲ್ಲಿ ಕಾರು ತೆಗೆದುಕೊಂಡಾಗ ನಾನು ಆ ಸಾಲನ್ನು ತೆಗೆಸಿದೆ. ವಾರಂಟಿ ಬೇಡ ಅಂತಲ್ಲ. ಅದನ್ನು ಅವತ್ತೇ ತೆಗೆದುಕೊಳ್ಳಬೇಕು ಅಂತ ಎಲ್ಲೂ ಇಲ್ಲ ಅನ್ನುವುದು ಗೊತ್ತಿತ್ತು.

ನನ್ನ ಗಾಡಿಗೆ ಕಂಪನಿಯ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಯಾವುದು ಮೊದಲೋ ಅದು. ಅದು ಮುಗಿಯುವ ದಿನದ ಒಳಗೆ ಯಾವಾಗ ಬೇಕಾದರೂ ನಾಲ್ಕನೇ ಮತ್ತು ಐದನೇ ವರ್ಷಕ್ಕೆ ಮುಂದುವರಿಸಬಹುದಿತ್ತು. ಒಂದು ದಿನ ದಾಟಿದರೂ ಬಾಗಿಲು ಬಂದ್. 'ಇವತ್ತು ತಗೊಂಡ್ರೆ ಮಾತ್ರ ಈ ರೇಟು ಸರ್' ಎಂದರು ಶೋರೂಮಿನವರು. ಅದು ಅರ್ಧ ನಿಜ. ತಡ ಮಾಡಿದಷ್ಟೂ ರೇಟು ಹಂತ ಹಂತವಾಗಿ ಏರುತ್ತದೆ. ಎಷ್ಟು ಏರುತ್ತದೆ ಅಂತ ರೇಟ್ ಚಾರ್ಟ್ ಕೇಳಿ ನೋಡಿದೆ. ಮೊದಲ ದಿನಕ್ಕೂ ಮೂರನೇ ವರ್ಷದ ಕೊನೆಗೂ ನಾಲ್ಕು ಸಾವಿರದಷ್ಟು ವ್ಯತ್ಯಾಸ. ಮೂರು ವರ್ಷ ಗಾಡಿಯ ಸ್ವಭಾವ ನೋಡಿ, ಎಷ್ಟು ಓಡಿಸುತ್ತೇನೆ ಅಂತ ಖಾತ್ರಿ ಮಾಡಿಕೊಂಡು ತೀರ್ಮಾನ ಮಾಡಲು ನಾಲ್ಕು ಸಾವಿರ ಜಾಸ್ತಿ ಅಂತ ನನಗೆ ಅನಿಸಲಿಲ್ಲ. ಕೊನೆಯ ದಿನಾಂಕವನ್ನು ಫೋನಿನಲ್ಲಿ ಹಾಕಿಟ್ಟೆ. ಮನೆಯ ಕ್ಯಾಲೆಂಡರಿನಲ್ಲೂ ಬರೆದಿಟ್ಟೆ.

2024ರ ಮಳೆಗಾಲ ಮುಗಿಯುವ ಹೊತ್ತಿಗೆ ಮೀಟರ್ 42 ಸಾವಿರ ತೋರಿಸುತ್ತಿತ್ತು. ವರ್ಷಕ್ಕೆ 14 ಸಾವಿರ. ಐದು ವರ್ಷಕ್ಕೆ 70 ಸಾವಿರ, ಅಂದರೆ ಕಿಲೋಮೀಟರ್ ಮಿತಿಯ ಒಳಗೇ ಇರುತ್ತೇನೆ. ಇದನ್ನು ಎಲ್ಲರೂ ಮೊದಲು ನೋಡಬೇಕು. ವಾರದಲ್ಲಿ ನಾಲ್ಕು ದಿನ ಕಾರವಾರದಿಂದ ಹುಬ್ಬಳ್ಳಿಗೆ ಹೋಗಿಬರುವವರಿಗೆ ವಾರಂಟಿಯ ವರ್ಷಗಳು ಮುಗಿಯುವ ಮೊದಲೇ ಕಿಲೋಮೀಟರ್ ಮುಗಿಯುತ್ತದೆ. ಎರಡು ವರ್ಷಕ್ಕೆ ದುಡ್ಡು ಕೊಟ್ಟು ಒಂದು ವರ್ಷ ಕೂಡ ಸಿಗದೇ ಹೋಗಬಹುದು.

ಆಮೇಲೆ ಷರತ್ತಿನ ಪುಸ್ತಕ. ಬಣ್ಣದ ಕರಪತ್ರ ಅಲ್ಲ, ಸಣ್ಣ ಅಕ್ಷರದ ಪುಸ್ತಕವನ್ನೇ ಕೇಳಿ ತಂದೆ. ಜಗುಲಿಯ ಮೇಲೆ ಕೂತು ಪೆನ್ಸಿಲ್ ಹಿಡಿದು ಓದಿದೆ. ಏನೇನು ಸೇರಿದೆ ಅನ್ನುವುದಕ್ಕಿಂತ ಏನೇನು ಸೇರಿಲ್ಲ ಅನ್ನುವ ಪುಟಗಳನ್ನು ಜಾಸ್ತಿ ಹೊತ್ತು ಓದಿದೆ. ನಮ್ಮ ರಸ್ತೆಗಳು ಗಾಡಿಯಲ್ಲಿ ಏನನ್ನು ತಿನ್ನುತ್ತವೆ ಅಂತ ನಮಗೆಲ್ಲ ಗೊತ್ತೇ ಇದೆ. ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯುವಾಗ ಬ್ರೇಕ್ ಪ್ಯಾಡ್ ಸವೆಯುತ್ತದೆ. ಆ ರಸ್ತೆ ಬಂದ್ ಆದರೆ ಯಲ್ಲಾಪುರದ ಮೇಲೆ ಸುತ್ತಿ ಅರಬೈಲ್ ಘಟ್ಟ ಇಳಿಯಬೇಕು, ಅಲ್ಲಿ ಲಾರಿಗಳ ಹಿಂದೆ ಮೊದಲನೇ ಗೇರು, ಎರಡನೇ ಗೇರು ಅಂತ ತೆವಳಿ ಕ್ಲಚ್ ಪ್ಲೇಟ್ ಹೋಗುತ್ತದೆ. ಹೊಂಡಗಳಲ್ಲಿ ಸಸ್ಪೆನ್ಶನ್ ಬುಷ್, ಲಿಂಕ್ ರಾಡ್. ಮಳೆಗಾಲದ ಅಷ್ಟೂ ತಿಂಗಳು ವೈಪರ್. ಅಡಕೆ ಇಡುವ ಅಟ್ಟದ ಕೆಳಗೆ ಗಾಡಿ ನಿಲ್ಲಿಸಿದರೆ ಇಲಿ ವೈರ್ ಕಡಿಯುತ್ತದೆ. ಕರಾವಳಿಯಲ್ಲಿ ಉಪ್ಪು ಗಾಳಿಗೆ ತುಕ್ಕು.

ನನ್ನ ಪುಸ್ತಕದಲ್ಲಿ ಇವಿಷ್ಟೂ ಹೊರಗಿದ್ದವು. ಸವೆಯುವ ಭಾಗ ಇಲ್ಲ. ರಬ್ಬರ್ ಇಲ್ಲ. ಇಲಿ ಕಡಿತ ಇಲ್ಲ. ತುಕ್ಕು ಇಲ್ಲ. ನೀರು ನುಗ್ಗಿದ್ದು ಇಲ್ಲ. ಟೈರಿಗೂ ಬ್ಯಾಟರಿಗೂ ಅವುಗಳ ಕಂಪನಿಯದ್ದೇ ಬೇರೆ ವಾರಂಟಿ. ಪೆನ್ಸಿಲ್ ಗುರುತು ಹಾಕಿದ್ದನ್ನೆಲ್ಲ ಒಟ್ಟಿಗೆ ನೋಡಿದಾಗ ನನಗೆ ವಿಷಯ ಸ್ಪಷ್ಟವಾಯಿತು. 'ನಮ್ಮ ರಸ್ತೆ ಕೆಟ್ಟದು, ಹಾಗಾಗಿ ವಾರಂಟಿ ಬೇಕು' ಅಂತ ಊರಲ್ಲಿ ಎಲ್ಲರೂ ಹೇಳುವ ಮಾತು ಇಲ್ಲಿ ನಿಲ್ಲುವುದಿಲ್ಲ. ರಸ್ತೆ ಕೆಡಿಸುವುದನ್ನು ವಾರಂಟಿ ಕೊಡುವುದಿಲ್ಲ. ವಾರಂಟಿ ಕೊಡುವುದು ಒಳಗಿನ ದೋಷದಿಂದ ತಾನಾಗಿ ಕೆಡುವುದಕ್ಕೆ: ಎಂಜಿನ್, ಗೇರ್‌ಬಾಕ್ಸ್, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯು, ಎಲೆಕ್ಟ್ರಿಕ್ ಸ್ಟೀರಿಂಗ್, ಎಸಿ ಕಂಪ್ರೆಸರ್, ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್, ಪವರ್ ವಿಂಡೋ ಮೋಟರ್, ಟಚ್ ಸ್ಕ್ರೀನ್. ಅವು ಬೆಂಗಳೂರಿನ ನುಣ್ಣನೆ ರಸ್ತೆಯಲ್ಲೂ ಕೆಡಬಹುದು, ಇಲ್ಲಿ ಕೆಡದೇ ಇರಲೂಬಹುದು.

ಹಾಗಾದರೆ ಅವು ಕೆಟ್ಟರೆ ಎಷ್ಟಾಗುತ್ತದೆ? ಇದನ್ನು ಸೇಲ್ಸ್‌ನವರ ಹತ್ತಿರ ಕೇಳಬಾರದು. ಸರ್ವಿಸಿಗೆ ಬಿಟ್ಟ ದಿನ ನಾನು ಪಾರ್ಟ್ಸ್ ಕೌಂಟರಿಗೆ ಹೋಗಿ ನಿಂತೆ. ಅಲ್ಲಿದ್ದ ಹುಡುಗ ಪುಣ್ಯಾತ್ಮ. ಗಾಡಿ ನಂಬರ್ ಹಾಕಿ ಒಂದೊಂದನ್ನೇ ಪರದೆಯ ಮೇಲೆ ತೆಗೆದು ತೋರಿಸಿದ. ಎಸಿ ಕಂಪ್ರೆಸರ್ ಇಪ್ಪತ್ತು ಸಾವಿರದ ಹತ್ತಿರ. ಸ್ಟೀರಿಂಗ್ ಜೋಡಣೆ ಪೂರ್ತಿ ಬದಲಾಯಿಸಬೇಕಾದರೆ ನಲವತ್ತು. ಟಚ್ ಸ್ಕ್ರೀನ್ ಅದಕ್ಕಿಂತ ಸ್ವಲ್ಪ ಕಡಿಮೆ. ನನ್ನದು ಸಿವಿಟಿ ಆಟೋಮ್ಯಾಟಿಕ್, ಗೇರು ತಾನೇ ಹೊಂದಿಕೊಳ್ಳುವಂಥದ್ದು. ಆ ಗೇರ್‌ಬಾಕ್ಸ್ ಪೂರ್ತಿ ಸೆಟ್ಟಿನ ಬೆಲೆ ಎರಡು ಲಕ್ಷಕ್ಕೆ ಹತ್ತಿರ ಇತ್ತು. 'ಇದನ್ನ ಬಿಚ್ಚಿ ರಿಪೇರಿ ಮಾಡ್ತಾರಾ?' ಎಂದೆ. 'ಜಾಸ್ತಿ ಬದಲಿ ಮಾಡೋದೇ ಸರ್' ಎಂದ. ಅದೇ ಮಾದರಿಯ ಮ್ಯಾನ್ಯುವಲ್ ಗಾಡಿಯ ಗೇರ್‌ಬಾಕ್ಸ್ ಆದರೆ ಶಿರಸಿಯಲ್ಲೇ ಬಿಚ್ಚಿ, ಹೋದ ಬೇರಿಂಗ್ ಒಂದನ್ನೇ ಹಾಕಿ ಕೂರಿಸುವ ಕೈಗಳು ಇವೆ. ನನಗೆ ತೀರ್ಮಾನ ಮಾಡಿಸಿದ್ದು ಈ ಒಂದು ವ್ಯತ್ಯಾಸ.

ಎರಡು ವರ್ಷದ ವಾರಂಟಿಗೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ ಇಪ್ಪತ್ನಾಲ್ಕು ಸಾವಿರ ಹೇಳಿದರು. ಆದರೆ ಅದು ಪೂರ್ತಿ ಬೆಲೆ ಅಲ್ಲ. ವಾರಂಟಿ ಉಳಿಯಬೇಕಾದರೆ ಇನ್ನೂ ಎರಡು ವರ್ಷ ಎಲ್ಲ ಸರ್ವಿಸನ್ನೂ ಕಂಪನಿಯ ವರ್ಕ್‌ಶಾಪಿನಲ್ಲೇ, ಹೇಳಿದ ಹೊತ್ತಿಗೇ ಮಾಡಿಸಬೇಕು. ನಮ್ಮ ಗ್ಯಾರೇಜಿನ ಮೇಸ್ತ್ರಿ ಅದೇ ಆಯಿಲ್, ಅದೇ ಫಿಲ್ಟರ್ ಹಾಕಿ ಕೊಡುವ ಬಿಲ್ಲಿಗೂ ವರ್ಕ್‌ಶಾಪಿನ ಬಿಲ್ಲಿಗೂ ವರ್ಷಕ್ಕೆ ನಾಲ್ಕು ಸಾವಿರದಷ್ಟು ಫರಕು ಬರುತ್ತದೆ. ಎರಡು ವರ್ಷಕ್ಕೆ ಎಂಟು ಸಾವಿರ ಸೇರಿಸಿ. ನನ್ನ ಗಾಡಿಯ ವರ್ಕ್‌ಶಾಪ್ ಹುಬ್ಬಳ್ಳಿಯಲ್ಲಿ, ಹೋಗಿ ಬರಲು ಇನ್ನೂರು ಕಿಲೋಮೀಟರ್. ಅದರ ಪೆಟ್ರೋಲು, ಒಂದು ದಿನದ ಕೆಲಸ. ಹೇಗೂ ಬೇರೆ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗುವವನಾದ್ದರಿಂದ ಅದನ್ನು ನಾನು ಪೂರ್ತಿ ಹಿಡಿಯಲಿಲ್ಲ. ಆದರೂ ನನ್ನ ಮಟ್ಟಿಗೆ ವಾರಂಟಿಯ ಬೆಲೆ ಮೂವತ್ತೆರಡು ಸಾವಿರದ ಮೇಲೆಯೇ. ಈ ಲೆಕ್ಕ ಯಾರೂ ಹೇಳಿಕೊಡುವುದಿಲ್ಲ, ನಾವೇ ಹಾಕಬೇಕು.

ಮೂವತ್ತೆರಡು ಸಾವಿರ ಒಂದು ಕಡೆ. ಇನ್ನೊಂದು ಕಡೆ, ಆಗದೇ ಇರಬಹುದಾದ, ಆಗಿಬಿಟ್ಟರೆ ಮಾತ್ರ ಒಂದೇ ಏಟಿಗೆ ಎರಡು ಲಕ್ಷದ ಖರ್ಚು. ಅಡಕೆ ಮಾರಿದ ದುಡ್ಡು ನಮಗೆ ವರ್ಷದಲ್ಲಿ ಒಮ್ಮೆ ಬರುತ್ತದೆ. ಮಳೆಗಾಲದ ನಡುವೆ ಎರಡು ಲಕ್ಷ ಹೊಂದಿಸುವುದು ಎಂದರೆ ಸೊಸೈಟಿಯಲ್ಲಿ ಸಾಲ. ಗಾಡಿಯನ್ನು ಕಡಿಮೆ ಎಂದರೆ ಏಳೆಂಟು ವರ್ಷ ಇಟ್ಟುಕೊಳ್ಳುವ ಮನಸ್ಸಿದೆ. ತೆಗೆದುಕೊಂಡೆ. ಡೀಲರ್ ತಮ್ಮದೇ ಒಂದು ಅಗ್ಗದ ಪ್ಲಾನ್ ತೋರಿಸಿದ್ದರು, ಅದನ್ನು ಬಿಟ್ಟೆ. ನನಗೆ ಬೇಕಾಗಿದ್ದದ್ದು ಗಾಡಿ ತಯಾರಿಸಿದ ಕಂಪನಿಯದ್ದೇ ವಾರಂಟಿ. ಗೋವಾದಲ್ಲಿ ನಿಂತರೂ ಮಂಗಳೂರಿನಲ್ಲಿ ನಿಂತರೂ ಅಲ್ಲಿಯ ವರ್ಕ್‌ಶಾಪಿನವರು ಚಾಸಿಸ್ ನಂಬರ್ ಹಾಕಿದರೆ ಕಾಣಬೇಕು. ದುಡ್ಡು ಕೊಟ್ಟ ರಸೀದಿ ಸಾಲದು. ಸರ್ಟಿಫಿಕೇಟ್ ತರಿಸಿಕೊಂಡು ಚಾಸಿಸ್ ನಂಬರ್, ಮುಗಿಯುವ ದಿನ, ಕಿಲೋಮೀಟರ್ ಮಿತಿ ಮೂರನ್ನೂ ಆರ್‌ಸಿ ಜೊತೆ ಇಟ್ಟು ತಾಳೆ ನೋಡಿದೆ.

ಕಾರವಾರದ ಕೋಡಿಬಾಗದಲ್ಲಿ ಅಕ್ಕನ ಮನೆ. ಅದೇ ವರ್ಷ ಭಾವ ಫೋನ್ ಮಾಡಿ, 'ತಮಾ, ನೀ ತಗೊಂಡ್ಯಂತೆ, ನಾನೂ ಮಾಡಿಸಿಬಿಡಲಾ?' ಎಂದು ಕೇಳಿದರು. ಅವರದ್ದು ಸಣ್ಣ ಪೆಟ್ರೋಲ್ ಗಾಡಿ, ಮ್ಯಾನ್ಯುವಲ್ ಗೇರು. ವರ್ಷಕ್ಕೆ ಆರು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಅವರನ್ನು ಕಾಡುವುದು ಸಮುದ್ರದ ಗಾಳಿ: ಬ್ರೇಕ್ ಡಿಸ್ಕ್, ಸೈಲೆನ್ಸರ್, ಬ್ಯಾಟರಿ ಟರ್ಮಿನಲ್ ಎಲ್ಲದರ ಮೇಲೂ ತುಕ್ಕು. 'ಭಾವ, ನೀವು ಮಾಡಿಸಬೇಡಿ' ಎಂದೆ. ಆ ದುಡ್ಡಲ್ಲಿ ಮಳೆಗಾಲಕ್ಕೆ ಮುಂಚೆ ಗಾಡಿಯ ಅಡಿಗೆ ಕೋಟಿಂಗ್ ಮಾಡಿಸಿ, ಉಳಿದದ್ದನ್ನು ಬ್ಯಾಂಕಿನಲ್ಲಿ ಗಾಡಿಗೆ ಅಂತಲೇ ಇಡಿ ಎಂದೆ. ಹಾಗೇ ಮಾಡಿದರು.

ಅವರಿಗೆ ಇನ್ನೊಂದು ಮಾತನ್ನೂ ಒತ್ತಿ ಹೇಳಿದೆ, ಇಲ್ಲೂ ಹೇಳುತ್ತೇನೆ. ವಾರಂಟಿಯನ್ನೂ ಇನ್ಶೂರೆನ್ಸನ್ನೂ ಕಲಸಬೇಡಿ. 2019ರಲ್ಲಿ, ಮತ್ತೆ 2021ರಲ್ಲಿ ಕಾಳಿ, ಗಂಗಾವಳಿ ದಡದ ಊರುಗಳಿಗೆ ನೀರು ನುಗ್ಗಿದ್ದನ್ನು ನೋಡಿದ್ದೇವೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡವೇ ಕುಸಿದು ಜೀವಗಳು ಹೋದವು. ನೆರೆ, ಗುಡ್ಡ ಕುಸಿತ, ಮರ ಬೀಳುವುದು, ಅಪಘಾತ: ಗಾಡಿಗೆ ಆದ ಇಂಥ ಹಾನಿ ಯಾವುದೂ ವಾರಂಟಿಗೆ ಬರುವುದಿಲ್ಲ, ಅವು ಇನ್ಶೂರೆನ್ಸಿನ ಬಾಬ್ತು. ಅದರಲ್ಲೂ ನಿಂತ ನೀರಲ್ಲಿ ಗಾಡಿ ನುಗ್ಗಿಸಿ, ಅಥವಾ ನೀರಲ್ಲಿ ಆಫ್ ಆದ ಮೇಲೆ ಮತ್ತೆ ಸ್ಟಾರ್ಟ್ ಮಾಡಿ, ಎಂಜಿನ್ ಒಳಗೆ ನೀರು ಹೋದರೆ ಬರೀ ಇನ್ಶೂರೆನ್ಸ್ ಕೂಡ ಸಾಮಾನ್ಯವಾಗಿ ಸಾಲದು, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಸೇರಿಸಿರಬೇಕು. ಹೊಳೆ ಪಕ್ಕದವರು ಒಂದನ್ನೇ ಆರಿಸಿಕೊಳ್ಳುವುದಾದರೆ ನಾನು ಎಂಜಿನ್ ಪ್ರೊಟೆಕ್ಟ್ ಅನ್ನೇ ಹೇಳುತ್ತೇನೆ.

ತೆಗೆದುಕೊಂಡ ಮೇಲೆ ಏನಾಯಿತು? ಕಳೆದ ಮಳೆಗಾಲದಲ್ಲಿ ಕುಮಟಾ ಬಸ್ ಸ್ಟ್ಯಾಂಡ್ ಹತ್ತಿರ ಯಾರನ್ನೋ ಮಾತಾಡಿಸಲು ಡ್ರೈವರ್ ಕಡೆಯ ಗ್ಲಾಸ್ ಇಳಿಸಿದೆ. ಇಳಿಯಿತು, ಮತ್ತೆ ಏರಲಿಲ್ಲ. ಸ್ವಿಚ್ ಒತ್ತಿದರೆ ಬಾಗಿಲೊಳಗೆ ಟಕ್ ಅನ್ನುವ ಸದ್ದು ಮಾತ್ರ. ಕಿಟಕಿಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಘಟ್ಟ ಹತ್ತಿದೆ. ದಾರಿಯಲ್ಲಿ ಯಾರ ಕೈಯಲ್ಲೂ ಬಾಗಿಲಿನ ಒಳಪಟ್ಟಿ ಬಿಚ್ಚಿಸಲಿಲ್ಲ. ಬೇರೆಯವರು ಬಿಚ್ಚಿದ ಗುರುತು ಕಂಡರೆ ತಕರಾರು ಶುರುವಾಗುತ್ತದೆ. ಹುಬ್ಬಳ್ಳಿಯಲ್ಲಿ ಫೋಟೋ ತೆಗೆದು ಕಂಪನಿಗೆ ಕಳಿಸಿ, ಒಪ್ಪಿಗೆ ಬಂದ ಮೇಲೆ ಮೋಟರ್ ಬದಲಿಸಿದರು. ಐದಾರು ಸಾವಿರದ ಕೆಲಸ, ನನ್ನಿಂದ ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಅದೇ ಭೇಟಿಯಲ್ಲಿ ಇಲಿ ಕಡಿದ ಸೆನ್ಸರ್ ವೈರಿಗೂ ಲಿಂಕ್ ರಾಡಿಗೂ ಕೈಯಿಂದಲೇ ಕೊಟ್ಟೆ. ಪುಸ್ತಕದಲ್ಲಿ ಮೊದಲೇ ಓದಿದ್ದರಿಂದ ಜಗಳ ಆಡುವ ಪ್ರಶ್ನೆ ಬರಲಿಲ್ಲ.

ಸರ್ವಿಸ್ ಬಿಲ್ಲುಗಳೆಲ್ಲ ಒಂದು ಫೈಲಿನಲ್ಲಿವೆ, ಗೇರ್‌ಬಾಕ್ಸ್ ಆಯಿಲ್ ಬದಲಿಸಿದ ಬಿಲ್ಲು ಮೇಲುಗಡೆಯೇ ಇದೆ. ಮೀಟರಿನ ಹತ್ತಿರ ಕೆಂಪು ದೀಪ ಬಂದರೆ ಗಾಡಿ ಬದಿಗೆ ನಿಲ್ಲಿಸಿ ಫೋನ್ ಮಾಡಬೇಕು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿದ್ದೇನೆ. ದೀಪ ನೋಡಿಯೂ ಓಡಿಸಿ ಎಂಜಿನ್ ಬಿಸಿಯಾದರೆ ಆ ಕ್ಲೇಮ್ ತಿರಸ್ಕಾರವಾಗುತ್ತದೆ. ಹೊರಗಡೆ ವೈರ್ ಕತ್ತರಿಸಿ ಫಾಗ್ ಲ್ಯಾಂಪ್ ಹಾಕಿಸುವ ಮಗನ ಆಸೆಯನ್ನೂ ಸದ್ಯಕ್ಕೆ ಮುಂದೆ ಹಾಕಿದ್ದೇನೆ. ಗೇರ್‌ಬಾಕ್ಸ್ ಈವರೆಗೆ ಚೆನ್ನಾಗಿದೆ. ಈಗ ಆರನೇ ವರ್ಷಕ್ಕೂ ಮುಂದುವರಿಸಬಹುದು ಅಂತ ವರ್ಕ್‌ಶಾಪಿನಿಂದ ಫೋನ್ ಬಂದಿದೆ. ಅದರ ಷರತ್ತು ಬೇರೆ, ರೇಟೂ ಬೇರೆ. ಪುಸ್ತಕ ಕಳಿಸಿ, ಓದಿ ಹೇಳುತ್ತೇನೆ ಎಂದಿದ್ದೇನೆ.