ಮೊದಲು ಏಳುವುದು, ಆಮೇಲೆ ಬೀಳುವುದು: ಫ್ಲೋರ್‌ವರ್ಕ್ ಕಲಿಸಿದ ನನ್ನ ಅನುಭವ

ಕಂಟೆಂಪರರಿ ನೃತ್ಯದ ಕ್ಲಾಸಿನಲ್ಲಿ ಫ್ಲೋರ್‌ವರ್ಕ್‌ಗೆ (ನೆಲದ ಮೇಲೆ ಮಲಗಿ, ಉರುಳಿ, ಬಿದ್ದು ಏಳುವ ಅಭ್ಯಾಸಕ್ಕೆ) ಸಾಮಾನ್ಯವಾಗಿ ಸಿಗುವುದು ಕೊನೆಯ ಹದಿನೈದು ನಿಮಿಷ. ಪ್ಲಿಯೆ (ಮೊಣಕಾಲು ಮಡಚಿ ಇಳಿಯುವುದು), ಸ್ವಿಂಗ್, ಸೆಂಟರ್ (ಕೋಣೆಯ ನಡುವೆ ನಿಂತು ಮಾಡುವ ಅಭ್ಯಾಸ), ಜಿಗಿತ ಎಲ್ಲ ಮುಗಿದು ತೊಡೆ ನಡುಗುವ ಹೊತ್ತಿಗೆ ನೆಲಕ್ಕಿಳಿಯಿರಿ ಅನ್ನುತ್ತಾರೆ. ದಣಿದ ತೊಡೆ ಭಾರ ಹಿಡಿಯಲಾರದು, ಮೊಣಕಾಲು ಧೊಪ್ಪನೆ ನೆಲಕ್ಕೆ ಬಡಿಯುತ್ತದೆ. ಮರುದಿನ ಅಲ್ಲಿ ನೀಲಿ ಕಲೆ. ನಾನು ಈ ಕ್ರಮವನ್ನೇ ತಿರುಗಿಸಿದೆ. ಹೊಸಬರಿಗೆ ಮೊದಲ ಎರಡು ತಿಂಗಳು ಹೆಚ್ಚುಕಡಿಮೆ ಪೂರ್ತಿ ನೆಲದ ಪಾಠ, ನಿಂತು ಮಾಡುವುದು ಆಮೇಲೆ. "ಮಂಡಿ ಹಾಳಾಗುತ್ತೆ", "ನೆಟ್ಟಗೆ ನಿಲ್ಲೋಕೆ ಬಾರದವರನ್ನ ಹೊರಳಾಡಿಸಿದರೆ ಏನು ಬರುತ್ತೆ" ಎಂದವರು ಬಹಳ ಜನ. ಅವರಲ್ಲಿ ಕೆಲವರು ಈಗ ಬೀಳುವುದನ್ನು ಕಲಿಯಲು ತಮ್ಮ ವಿದ್ಯಾರ್ಥಿಗಳನ್ನು ನನ್ನ ಹತ್ತಿರವೇ ಕಳಿಸುತ್ತಿದ್ದಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ.

ತಿರುಳು ಇಷ್ಟೇ: ಏಳುವುದನ್ನು ಮೊದಲು ಕಲಿಸಬೇಕು. ನಿಂತವರಿಗೆ ಬೀಳಿ ಅಂದರೆ ಮೈ ಬಿಗಿಯುತ್ತದೆ, ಉಸಿರು ಕಟ್ಟುತ್ತದೆ, ಕೈ ತಾನಾಗಿ ಮುಂದೆ ಚಾಚಿ ಪೂರ್ತಿ ಭಾರ ಮಣಿಕಟ್ಟಿನ ಮೇಲೆ ಬರುತ್ತದೆ. ಮಲಗಿದವರಿಗೆ ನಿಧಾನವಾಗಿ ಏಳಿ ಅಂದರೆ ಹೆದರಲು ಏನೂ ಇಲ್ಲ. ಏಳುವಾಗ ಮೈಯ ಯಾವ ಭಾಗ ಯಾವ ಕ್ಷಣಕ್ಕೆ ನೆಲ ಬಿಟ್ಟಿತು ಅನ್ನುವುದು ಮೈಗೆ ಗೊತ್ತಾಗಿಬಿಟ್ಟರೆ, ಅದೇ ದಾರಿ ಹಿಡಿದು ವಾಪಸ್ ಬರುವುದೇ ಬೀಳುವುದು.

ಇದರಲ್ಲಿ ನನ್ನದು ಅನ್ನುವುದು ಕ್ರಮ ಮಾತ್ರ, ಸರಕು ಹಳೆಯದು. ನೆಲದಿಂದ ಶುರುಮಾಡಬಾರದು ಅನ್ನುವವರಿಗೆ ಅಮೆರಿಕದ ನರ್ತಕಿ ಮಾರ್ಥಾ ಗ್ರಹಾಂ ಅವರ ಕ್ಲಾಸ್ ನೆನಪಿಸುತ್ತೇನೆ. 1926ರಲ್ಲಿ ಸ್ವಂತ ಕಂಪನಿ ಕಟ್ಟಿದ ಆಕೆಯ ಟೆಕ್ನಿಕ್‌ನಲ್ಲಿ ಪಾಠ ಶುರುವಾಗುವುದೇ ನೆಲದ ಮೇಲೆ ಕೂತು. ಮೈಯ ನಡುಭಾಗವನ್ನು ಒಳಕ್ಕೆ ಸೆಳೆಯುವ ಕಾಂಟ್ರಾಕ್ಷನ್, ಅದನ್ನು ಸಡಿಲಿಸುವ ರಿಲೀಸ್ ಎರಡೂ ಅಲ್ಲೇ ಮೈಗೂಡಬೇಕು. ಆದರೆ ಆ ಕೂರುವಿಕೆಗೆ ಸೊಂಟದ ಕೀಲು ಸಡಿಲ ಬೇಕು. ವಯಸ್ಕ ಹೊಸಬರು ಹಾಗೆ ಕೂತರೆ ಬೆನ್ನ ಕೆಳಭಾಗ ಕುಸಿದು ಎರಡೇ ನಿಮಿಷಕ್ಕೆ ನೋವು ಬರುತ್ತದೆ. ಹಾಗಾಗಿ ನಾನು ಕೂತು ಶುರುಮಾಡುವುದನ್ನು ಬಿಟ್ಟು, ಮಲಗಿ ಶುರುಮಾಡಿಸುತ್ತೇನೆ. ಬೀಳುವಿಕೆಯ ತಾಳ ಮಾತ್ರ ಡೋರಿಸ್ ಹಂಫ್ರಿ ಅವರದು. ಅಮೆರಿಕದ ಡೆನಿಶಾನ್ ನೃತ್ಯಶಾಲೆ ಬಿಟ್ಟು 1928ರಲ್ಲಿ ಚಾರ್ಲ್ಸ್ ವೈಡ್‌ಮನ್ ಜೊತೆ ಹೊರಬಂದ ಹಂಫ್ರಿ, ಬೀಳುವುದು ಮತ್ತು ಸಾವರಿಸಿಕೊಳ್ಳುವುದು, ಈ ಎರಡರ ನಡುವಿನ ಜಾಗವನ್ನೇ ನೃತ್ಯವೆಂದು ಹಿಡಿದರು. ಅವರ ಬಳಿ ಬೆಳೆದ ಹೋಸೆ ಲಿಮೋನ್ 1946ರಲ್ಲಿ ತಮ್ಮ ಕಂಪನಿ ಶುರುಮಾಡಿ ಅದಕ್ಕೆ ತೂಕ, ಮರುಪುಟಿತ ಸೇರಿಸಿದರು. ಉರುಳುವ ಪಾಠಕ್ಕೆ ಅಮೆರಿಕದ ನರ್ತಕ ಸ್ಟೀವ್ ಪ್ಯಾಕ್ಸ್‌ಟನ್. ಜಪಾನಿನ ಸಮರಕಲೆ ಐಕಿಡೋ ಕಲಿತಿದ್ದ ಅವರು 1972ರಲ್ಲಿ ಓಬರ್ಲಿನ್ ಕಾಲೇಜಿನಲ್ಲಿ ಹುಡುಗರ ಗುಂಪನ್ನು ಕಟ್ಟಿಕೊಂಡು ಮ್ಯಾಟ್ ಮೇಲೆ ಒಬ್ಬರ ಮೇಲೊಬ್ಬರು ಎರಗುವ, ಬೀಳುವ, ಉರುಳುವ ಪ್ರಯೋಗ ಮಾಡಿದ್ದರಿಂದಲೇ ಕಾಂಟ್ಯಾಕ್ಟ್ ಇಂಪ್ರೊವೈಸೇಶನ್ (ಒಬ್ಬರ ಮೈಭಾರ ಇನ್ನೊಬ್ಬರು ಹೊರುತ್ತಾ ಆ ಕ್ಷಣಕ್ಕೆ ಹೊಳೆದಂತೆ ಕುಣಿಯುವ ನೃತ್ಯ) ಹುಟ್ಟಿತು.

ಮೊದಲ ಎರಡು ವಾರ ಹೀಗೆ. ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಚಿ, ಅಂಗಾಲು ನೆಲಕ್ಕೆ. ಹಿಮ್ಮಡಿಗೂ ಕುಂಡೆಗೂ ನಡುವೆ ಒಂದೂವರೆ ಗೇಣು. ಮೈಚಲನೆಯ ಶಿಕ್ಷಕಿ ಲುಲು ಸ್ವೈಗಾರ್ಡ್ ಹೇಳಿಕೊಟ್ಟ ವಿಶ್ರಾಂತಿಯ ಭಂಗಿ ಇದು. ಹತ್ತು ನಿಮಿಷ ಸಾಕು. ಆಮೇಲೆ ಕೈಕಾಲು ಚಾಚಿ ಅಡ್ಡಗೆರೆಗಳ ಕೆಲಸ: ಬಲ ಮೊಣಕೈ, ಎಡ ಮೊಣಕಾಲು ಹೊಕ್ಕುಳಿನ ಕಡೆ ಬಂದು ಸೇರಬೇಕು, ಅದೇ ಎಳೆತದಲ್ಲಿ ಪಕ್ಕಕ್ಕೆ ಹೊರಳಬೇಕು. ಪೋಲಿಯೋ ರೋಗಿಗಳ ಜೊತೆ ಕೆಲಸ ಮಾಡಿದ್ದ ಇರ್ಮ್‌ಗಾರ್ಡ್ ಬಾರ್ಟೆನೀಫ್ ಅವರ ಅಭ್ಯಾಸಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಇಲ್ಲಿ ಕಾಯಬೇಕಾದ ತಪ್ಪು ಒಂದೇ, ತಲೆ ಮೊದಲು ಎದ್ದುಬಿಡುವುದು. ತಲೆ ಎಲ್ಲಕ್ಕಿಂತ ಕೊನೆಗೆ ಏಳಬೇಕು. ಕತ್ತಿನ ಈ ಬಿಗಿ ಬಿಡಿಸಲು ನನ್ನದೊಂದು ಉಪಾಯ ಇದೆ. ಅದು ಕೈಯಿಟ್ಟು ತೋರಿಸಬೇಕಾದದ್ದು, ಬರೆದರೆ ತಪ್ಪಾಗಿ ಮಾಡುತ್ತಾರೆ, ಬಿಟ್ಟಿದ್ದೇನೆ.

ಮೂರನೇ ವಾರದಿಂದ ಎತ್ತರ ಏರುತ್ತಾ ಹೋಗುತ್ತದೆ: ಪಕ್ಕಕ್ಕೆ ಮಲಗುವುದು, ಒಂದು ಪಿರ್ರೆಯ ಮೇಲೆ ಕೂರುವುದು, ಕೈಮಂಡಿಯೂರುವುದು, ಕುಕ್ಕರಗಾಲು, ಅರೆನಿಲುವು. ಪ್ರತಿ ಎತ್ತರದಿಂದ ಮತ್ತೆ ಮಲಗುವವರೆಗೆ ವಾಪಸ್. ಕುಕ್ಕರಗಾಲಿನಲ್ಲಿ ಹಿಮ್ಮಡಿ ನೆಲಕ್ಕೆ ತಾಗದವರಿಗೆ ಹಿಮ್ಮಡಿಯಡಿ ಮಡಚಿದ ಟವೆಲ್ ಕೊಡಿ. ಹಿಮ್ಮಡಿ ತಾನಾಗಿ ತಾಗಲಿ ಎಂದು ಕಾಯುತ್ತಾ ಕೂತರೆ ತಿಂಗಳುಗಟ್ಟಲೆ ಹೋಗುತ್ತದೆ.

ನಿಲುವಿನಿಂದ ಇಳಿಯುವ ಮೊದಲ ಬೀಳುವಿಕೆ ಪಕ್ಕದ್ದು. ಬಲಕ್ಕೆ ಬೀಳುವುದಾದರೆ ಭಾರ ಪೂರ್ತಿ ಎಡಗಾಲಿಗೆ. ಎಡ ಮೊಣಕಾಲು ಪಾದದ ಬೆರಳಿನ ನೇರಕ್ಕೆ ಮಡಚುತ್ತಾ ಹೋಗಬೇಕು, ಒಳಕ್ಕೆ ವಾಲಬಾರದು. ಬಲಗಾಲು ಎಡಗಾಲಿನ ಹಿಂದಿನಿಂದ ಎಡಕ್ಕೆ ಜಾರಲಿ, ಪಾದದ ಹೊರ ಅಂಚು ನೆಲ ಸವರುತ್ತಾ ಇರಲಿ. ಸೊಂಟ ಇಳಿದಂತೆ ನೆಲ ಮುಟ್ಟುವ ಸರದಿ ಹೀಗಿದೆ: ಪಾದದ ಹೊರ ಅಂಚು, ಕಾಲಿನ ಹೊರ ಮಗ್ಗುಲು, ತೊಡೆಯ ಹೊರಬದಿ, ಪಿರ್ರೆಯ ಹೊರ ಮಾಂಸ. ಬಲ ಅಂಗೈ ಆಗ ನೆಲದ ಮೇಲೆ ಬಲಕ್ಕೆ ಜಾರುತ್ತಾ ಹೋಗುತ್ತದೆ, ಒತ್ತುವುದಿಲ್ಲ. ಹಿಂದೆಯೇ ಪಕ್ಕೆ, ಕಂಕುಳ ಕೆಳಗಿನ ಅಗಲ ಸ್ನಾಯು, ಭುಜದ ಹಿಂಬದಿ, ಕೊನೆಗೆ ತಲೆ. ಎಡಗೈ ಇಷ್ಟೂ ಹೊತ್ತು ಎದುರು ದಿಕ್ಕಿಗೆ, ಎಡಕ್ಕೆ ಮೇಲೆ ಚಾಚಿರಬೇಕು. ಅದು ಹಿಡಿದಿರುವುದರಿಂದಲೇ ಸೊಂಟ ನಿಧಾನವಾಗಿ ಇಳಿಯುತ್ತದೆ. ಸೊಂಟ ನೆಲ ಮುಟ್ಟುವ ಜಾಗ ಎಡ ಹಿಮ್ಮಡಿಯಿಂದ ಒಂದು ಗೇಣಿನೊಳಗೆ ಇರಲಿ. ದೂರ ಹೋದಷ್ಟೂ ಎಡ ತೊಡೆಯ ಹಿಡಿತ ತಪ್ಪಿ ಕೊನೆಯಲ್ಲಿ ಸೊಂಟ ಕುಕ್ಕುತ್ತದೆ.

ಮೆಟ್ರೊನೋಮ್ (ತಾಳ ಬಡಿಯುವ ಯಂತ್ರ) ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಮೊದಲು ಎಂಟು ಕೌಂಟ್‌ನಲ್ಲಿ ಇಳಿಯುವುದು, ಎಂಟರಲ್ಲಿ ಏಳುವುದು. ಆಮೇಲೆ ನಾಲ್ಕು, ಎರಡು, ಒಂದು. ಎಂಟರಲ್ಲಿ ತೊಡೆ ಉರಿಯುತ್ತದೆ, ಆದರೆ ಕೆಲಸ ಕಲಿಯುವುದೂ ಅಲ್ಲೇ. ನಾಲ್ಕಕ್ಕೆ ಬಂದ ಕೂಡಲೇ ಬಹುತೇಕರು ಇಳಿತದ ಕೊನೆಯ ಗೇಣಿನಲ್ಲಿ ಹಿಡಿತ ಬಿಟ್ಟುಬಿಡುತ್ತಾರೆ. ಇದನ್ನು ಕಣ್ಣಿನಿಂದ ಹಿಡಿಯುವುದು ಕಷ್ಟ, ಕಿವಿಯಿಂದ ಸುಲಭ. ಸಂಗೀತ ನಿಲ್ಲಿಸಿ, ಬೆನ್ನು ತಿರುಗಿಸಿ ಕೇಳಿಸಿಕೊಳ್ಳುತ್ತೇನೆ. ಮೊದಲೇ ಒಂದು ಗಟ್ಟಿ ಟಕ್ ಬಂದರೆ ಮೊಣಕಾಲಿನ ಚಿಪ್ಪು. ಮಧ್ಯದಲ್ಲಿ ಮಂದವಾದ ಧೊಪ್ ಬಂದರೆ ಸೊಂಟ ದೂರ ಬಿದ್ದಿದೆ. ಕೊನೆಯಲ್ಲಿ ಚಪ್ ಅಂದರೆ ಅಂಗೈ ಜಾರಿಲ್ಲ, ಹೊಡೆದಿದೆ. ಸರಿಯಾದ ಬೀಳುವಿಕೆಯಲ್ಲಿ ಬಟ್ಟೆ ಸರಿಯುವ ಸದ್ದು ಬಿಟ್ಟರೆ ಏನೂ ಇಲ್ಲ. ಉಸಿರು ಬಿಡುತ್ತಲೇ ಇಳಿಯಬೇಕು ಅನ್ನುವುದನ್ನು ಬೇರೆಯಾಗಿ ಹೇಳಬೇಕಿಲ್ಲ ಅಂದುಕೊಂಡಿದ್ದೇನೆ. ಹೇಳಿದರೂ ಕಟ್ಟುತ್ತಾರೆ, ಅದಕ್ಕೆ ಇಳಿಯುವಾಗ ಸಣ್ಣಗೆ 'ಸ್ಸ್' ಅನ್ನಿಸುತ್ತೇನೆ. ಸದ್ದು ನಿಂತ ಜಾಗದಲ್ಲೇ ಹೆದರಿಕೆ ಕೂತಿರುತ್ತದೆ.

ಇನ್ನು ದುಡ್ಡಿನ ಮಾತು. ಇಡೀ ವಿಧಾನದಲ್ಲಿ ಖರ್ಚು ನೆಲದ್ದೇ. ಕಾಂಕ್ರೀಟ್ ಮೇಲೆ ನೇರವಾಗಿ ವಿನೈಲ್ ಹಾಸಿ ಡಾನ್ಸ್ ಫ್ಲೋರ್ ಅನ್ನುವವರಿದ್ದಾರೆ. ವಿನೈಲ್ ಕೊಡುವುದು ಹಿಡಿತ ಮಾತ್ರ, ಪೆಟ್ಟು ತಡೆಯುವುದಿಲ್ಲ. ಒಂದಕ್ಕೊಂದು ಸಿಕ್ಕಿಸುವ ಫೋಮ್ ಮ್ಯಾಟ್‌ಗಳಿಗೆ ಸುರಿದ ದುಡ್ಡು ಪೂರ್ತಿ ನಷ್ಟ. ಪಾದ ಹೂತು ಗಿಣ್ಣು ತಿರುಚುತ್ತದೆ, ಬೆವರಿದ ಚರ್ಮ ಅಂಟಿಕೊಂಡು ಜಾರುವುದೇ ಇಲ್ಲ, ಸಂದುಗಳು ಬಿಟ್ಟುಕೊಳ್ಳುತ್ತವೆ. ದಪ್ಪ ಜಿಮ್ ಮ್ಯಾಟ್ ಇನ್ನೊಂದು ಬಗೆಯ ಮೋಸ: ಅದರ ಮೇಲೆ ಹೇಗೆ ಬಿದ್ದರೂ ನೋಯುವುದಿಲ್ಲ, ಹಾಗಾಗಿ ಯಾರೂ ತಿದ್ದಿಕೊಳ್ಳುವುದಿಲ್ಲ.

ಕೊನೆಗೆ ನಿಂತದ್ದು ನಾವೇ ಕಟ್ಟಿದ ನೆಲ. ಕೆಳಗೆ ಗಟ್ಟಿ ಫೋಮ್ ತುಂಡುಗಳು, ಸುಮಾರು 30 ಮಿ.ಮೀ. ದಪ್ಪ, ಅಂಗೈಯಷ್ಟು ಅಗಲ. ಅದರ ಮೇಲೆ 12 ಮಿ.ಮೀ. ಪ್ಲೈವುಡ್ ಎರಡು ಪದರ, ಮೇಲಿನ ಹಾಳೆಯ ಸಂದು ಕೆಳಗಿನದರ ಸಂದಿನ ಮೇಲೆ ಬರಬಾರದು. ಸ್ಕ್ರೂ 20 ಮಿ.ಮೀ.ಗಿಂತ ಉದ್ದ ಬೇಡ, ಎರಡು ಪದರ ಸೇರಿ 24 ಇರುವುದರಿಂದ ಮೊನೆ ಕೆಳಗೆ ಇಣುಕಬಾರದು. ಫೋಮ್ ತುಂಡುಗಳ ನಡುವೆ ಮೊದಲು ಅರ್ಧ ಮೀಟರ್ ಬಿಟ್ಟಿತ್ತು. ನೆಲ ನಡುವೆ ಬಾಗಿ ಕಿರ್ರೆನ್ನತೊಡಗಿತು. 30 ಸೆಂ.ಮೀ.ಗೆ ತಂದ ಮೇಲೆ ಸರಿಹೋಯಿತು. ಅಂಚಿನಲ್ಲಿ ತುಂಡುಗಳನ್ನು ಇನ್ನೂ ಒತ್ತಾಗಿ ಅಂಟಿಸಿ, ಗೋಡೆಯ ಕಡೆ 10 ಮಿ.ಮೀ. ಜಾಗ ಬಿಡಿ, ಇಲ್ಲದಿದ್ದರೆ ಗಾಳಿಯ ತೇವಕ್ಕೆ ಪ್ಲೈ ಉಬ್ಬುತ್ತದೆ. ಮೆತ್ತನೆ ಫೋಮ್ ಅಗ್ಗವೆಂದು ತರಬೇಡಿ. ನೆಲ ಎತ್ತಿ ಎತ್ತಿ ಹಾಕುತ್ತದೆ, ಅರ್ಧ ಗಂಟೆಗೆ ಮೀನಖಂಡ ಸೋಲುತ್ತದೆ. ಮೇಲೆ ವಿನೈಲ್, ಅಂಚಿಗೆ ಟೇಪ್. ಅಂಗಡಿಯಲ್ಲಿ ಸಿಗುವ, ಪೆಟ್ಟು ಹೀರುವ ಸಿದ್ಧ ಸ್ಪ್ರಂಗ್ ಫ್ಲೋರ್‌ಗೆ ಹೇಳಿದ ಬೆಲೆಯ ಹೆಚ್ಚುಕಡಿಮೆ ಮೂರನೇ ಒಂದು ಪಾಲಿನಲ್ಲಿ ಮುಗಿಯಿತು. ಅದರಲ್ಲೂ ಅರ್ಧ ವಿನೈಲ್‌ಗೇ ಹೋಯಿತು.

ನೆಲಕ್ಕಿಂತ ಹೆಚ್ಚು ಕಾಡಿದ್ದು ಫೀಸು. ಹೊಸಬರು ಬರುವುದು ಜಿಗಿಯಲು, ತಿರುಗಲು. ತಿಂಗಳುಗಟ್ಟಲೆ ಮಲಗಿಸಿದರೆ ನಾಲ್ಕರಲ್ಲಿ ಒಬ್ಬರು ಬಿಟ್ಟು ಹೋಗುತ್ತಾರೆ. ಮೊದಲ ವರ್ಷ ಬಾಡಿಗೆ ಹೊರಟಿದ್ದು ಹಳೆಯ ಬ್ಯಾಚಿನ ದುಡ್ಡಿನಿಂದಲೇ. ಈಗ ಪ್ರತಿ ಕ್ಲಾಸಿನ ಕೊನೆಯ ಹತ್ತು ನಿಮಿಷ ಬಿಡುಗಡೆ: ಸಂಗೀತ ಹಾಕಿ, ಕಲಿತ ಎತ್ತರದೊಳಗೆ ಏನು ಬೇಕಾದರೂ ಕುಣಿಯಬಹುದು. ಬಿಡುವವರು ಅರ್ಧಕ್ಕರ್ಧ ಕಡಿಮೆಯಾದರು. ಮೂರನೇ ತಿಂಗಳಿಗೆ ನಿಂತು ಕುಣಿಯಲು ಶುರುಮಾಡಿದ ಈ ಬ್ಯಾಚಿನವರು, ಮೊದಲಿಂದ ನಿಂತೇ ಕಲಿತವರಿಗಿಂತ ಧಾರಾಳವಾಗಿ ಭಾರ ಬಿಟ್ಟು ಓಲಾಡುತ್ತಾರೆ. ಅಂಚಿನಾಚೆ ವಾಲಲು ಹೆದರುವುದಿಲ್ಲ, ಏಕೆಂದರೆ ಆಚೆಗೆ ಏನಿದೆ ಎಂದು ಅವರ ಮೈಗೆ ಗೊತ್ತು. ನೋಡಬಂದ ಯಾವ ಮೇಷ್ಟರೂ ಇದನ್ನು ಅಲ್ಲಗಳೆದಿಲ್ಲ.

ಉಡುಪಿನ ವಿಷಯ ಚುಟುಕಾಗಿ: ಉದ್ದ ಹತ್ತಿ ಪ್ಯಾಂಟು, ಮುಂಗೈ ಮುಚ್ಚುವ ಅಂಗಿ. ಮೊಣಕಾಲಿನ ಪ್ಯಾಡ್ ಅಂಗಿಯ ತೋಳಿನಂತೆ ಎಳೆದು ಹಾಕುವ ತೆಳುವಾದದ್ದು ಇರಲಿ; ಗಟ್ಟಿ ಚಿಪ್ಪಿನದು ಹಾಕಿದರೆ ಜನ ಮೊಣಕಾಲಿನ ಮೇಲೇ ಇಳಿಯುವುದನ್ನು ಕಲಿಯುತ್ತಾರೆ. ಹಳೆಯ ಉದ್ದ ಕಾಲುಚೀಲದ ಬೆರಳು, ಹಿಮ್ಮಡಿ ಎರಡೂ ಕತ್ತರಿಸಿ ಹಾಕಿಕೊಂಡರೆ ಪಾದದ ಮೇಲ್ಭಾಗ ಸುಡುವುದಿಲ್ಲ, ನಿಂತಾಗ ಜಾರುವುದೂ ಇಲ್ಲ.

ನಡುವೆ ಕೆಲವು ಪ್ರಯೋಗಗಳೂ ನಡೆದವು. ಅಮೆರಿಕದ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ 1950ರ ದಶಕದ ಆರಂಭದಲ್ಲೇ ನಾಣ್ಯ ಚಿಮ್ಮಿ ಚಲನೆಗಳ ಕ್ರಮ ಗೊತ್ತುಮಾಡುತ್ತಿದ್ದರಲ್ಲ, ಅದನ್ನು ಬೀಳುವಿಕೆಗೆ ಹಚ್ಚಿದೆ: ಬಲವೋ ಎಡವೋ, ಎರಡು ಕೌಂಟೋ ಎಂಟೋ, ನಾಣ್ಯವೇ ಹೇಳಲಿ. ನೃತ್ಯವಾಗಿ ಸಪ್ಪೆಯಾಯಿತು, ಪಾಠವಾಗಿ ಅದ್ಭುತವಾಯಿತು. ಒಗ್ಗಿದ ಬದಿಗೇ ಬೀಳುವ ಚಟ ಬಿಡಿಸಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಮೂರರ ತಾಳದ ಪ್ರಯೋಗ ಇನ್ನೂ ಫಲ ಕೊಟ್ಟಿತು. ಮೊದಲ ಕೌಂಟ್‌ಗೆ ತೂಗಿ ನಿಲ್ಲುವುದು, ಎರಡಕ್ಕೆ ಕುಸಿಯುವುದು, ಮೂರಕ್ಕೆ ಮರುಪುಟಿಯುವುದು. ನಾಲ್ಕರ ತಾಳದಲ್ಲಿ ಒರಟಾಗಿದ್ದ ಇಳಿತ ಇದರಲ್ಲಿ ತಾನಾಗಿ ದುಂಡಗಾಯಿತು. ಹಂಫ್ರಿ ಹೇಳಿದ ಆ ತೂಗುವ ಕ್ಷಣವನ್ನು ಬಾಯಲ್ಲಿ ವಿವರಿಸಿ ಸೋತವರು ಇದನ್ನು ಮಾಡಿಸಿ ನೋಡಿ. ಕಣ್ಣು ಕಟ್ಟಿ ಬೀಳಿಸುವುದು ಮಾತ್ರ ಬೇಡ, ಜನ ಮತ್ತೆ ಉಸಿರು ಕಟ್ಟುತ್ತಾರೆ.

ಪ್ಯಾಕ್ಸ್‌ಟನ್ ಅವರ ಪುಟ್ಟ ನೃತ್ಯ, ಅಂದರೆ ಸುಮ್ಮನೆ ನಿಂತು ಮೈ ತಾನಾಗಿ ಸಮತೋಲ ಸರಿಪಡಿಸಿಕೊಳ್ಳುವುದನ್ನು ಗಮನಿಸುವುದು, ಎಲ್ಲರೂ ಕ್ಲಾಸಿನ ಆರಂಭದಲ್ಲಿ ಮಾಡಿಸುತ್ತಾರೆ. ನಾನು ಬೀಳುವ ಅಭ್ಯಾಸದ ನಡುವೆ ಹಾಕುತ್ತೇನೆ, ಐದು ನಿಮಿಷ. ಹಿಂದೆಯೇ ಬರುವ ಬೀಳುವಿಕೆಗಳು ಸ್ಪಷ್ಟವಾಗಿ ಮೃದುವಾಗುತ್ತವೆ. ಎಷ್ಟನೇ ಸುತ್ತಿನ ನಂತರ ಹಾಕಬೇಕು ಅನ್ನುವುದನ್ನು ನಿಮ್ಮ ಬ್ಯಾಚಿಗೆ ನೀವೇ ಕಂಡುಕೊಳ್ಳಿ. ನನ್ನ ಲೆಕ್ಕ ನನ್ನ ಬಳಿಯೇ ಇರಲಿ.

ಹಿಂದಕ್ಕೆ ಬೀಳುವುದನ್ನು ಮೂರನೇ ತಿಂಗಳಿಗೆ ಮುಂಚೆ ಮುಟ್ಟಬೇಡಿ. ಅಲ್ಲಿ ಬಾಲಮೂಳೆ, ತಲೆಯ ಹಿಂಭಾಗ ಎರಡಕ್ಕೂ ಅಪಾಯ. ಗದ್ದ ಎದೆಯ ಕಡೆ, ಬೆನ್ನು ದುಂಡಗೆ, ಒಂದು ಪಿರ್ರೆಯ ಮೇಲೆ ಓರೆಯಾಗಿ ಕೂತು ಎದುರಿನ ಹೆಗಲಿನತ್ತ ಕರ್ಣವಾಗಿ ಉರುಳಬೇಕು, ಬೆನ್ನುಮೂಳೆಯ ಮೇಲೆ ನೇರವಾಗಿ ಅಲ್ಲ. ಮೊಣಕಾಲು ಅಥವಾ ಸೊಂಟದ ಶಸ್ತ್ರಚಿಕಿತ್ಸೆ ಆದವರು ವೈದ್ಯರು ಒಪ್ಪಿದ ಮೇಲೆ ಮೊದಲು ಕುರ್ಚಿಯಿಂದ ಎದ್ದು ಕೂರುವುದನ್ನು ಎಂಟು ಕೌಂಟ್‌ನಲ್ಲಿ ಸದ್ದಿಲ್ಲದೆ ಮಾಡಲಿ. ಅದು ಬಂದ ಮೇಲೆ ಕುರ್ಚಿಯ ಬದಲು ತಗ್ಗಿನ ಸ್ಟೂಲ್, ಆಮೇಲೆ ಮಡಚಿದ ಮ್ಯಾಟ್‌ಗಳ ಅಟ್ಟಿ, ಅದರಿಂದ ಒಂದೊಂದೇ ಮ್ಯಾಟ್ ತೆಗೆಯುತ್ತಾ ನೆಲದವರೆಗೆ.