ಮೂರು ತಿಂಗಳ ತೂಕ ನೋಡಿ ಹೋತ ಆರಿಸುವ ಲೆಕ್ಕ

ಭಾಲ್ಕಿ ಸಂತೆಯಲ್ಲಿ ಆಡಿನ ಮರಿಯ ಬೆನ್ನು ಒತ್ತಿ ನೋಡಿಯೇ ತೂಕ ಹೇಳುವವರಿದ್ದಾರೆ. ಮಾಂಸಕ್ಕೆ ಕೊಳ್ಳಲು ಅಷ್ಟು ಸಾಕು. ತಳಿಗೆ ಹೋತ ಬಿಡಲು ಸಾಲದು. ನಾನು ಪಶು ಸಖಿ, ಅಂದರೆ ಊರಲ್ಲಿ ದನ-ಆಡು ಸಾಕುವವರಿಗೆ ನೆರವಾಗುವ ಕಾರ್ಯಕರ್ತೆ. ನಮ್ಮ ಸಂಘದ ಅಕ್ಕಂದಿರಿಗೆ ಹೇಳಿಕೊಡುವ ಲೆಕ್ಕವನ್ನೇ ಇಲ್ಲಿ ಬರೆದಿದ್ದೇನೆ. ವರ್ಗಮೂಲಕ್ಕೆ ಮೊಬೈಲ್ ಇದ್ದರಾಯಿತು.

ಮೊದಲು ತೂಕ. ತಕ್ಕಡಿಯ ಕೊಕ್ಕೆಗೆ ಹಳೇ ಸೀರೆಯ ಜೋಳಿಗೆ ಕಟ್ಟಿ. ಬೆಳಿಗ್ಗೆ ಮರಿ ಹಾಲು ಕುಡಿಯುವ ಮುಂಚೆ ತೂಗಿ. ಎಲ್ಲ ಮರಿಗಳನ್ನೂ ಮೂರು ತಿಂಗಳು ತುಂಬಿದಾಗಲೇ ತೂಗಬೇಕು. ತೂಕದ ಪಕ್ಕ ಗಂಡೋ ಹೆಣ್ಣೋ, ಒಂಟಿಯೋ ಅವಳಿಯೋ, ತಾಯಿಗೆ ಎಷ್ಟನೇ ಸೂಲು, ಎಲ್ಲ ಬರೆಯಿರಿ. ಇದು ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಸುಮ್ನೆ.

ಐದು ಗಂಡು ಮರಿ ಅಂದುಕೊಳ್ಳಿ: 8, 9, 10, 11, 12 ಕೆಜಿ. ಸರಾಸರಿ 10. ಪಕ್ಕದ ಮನೆಯವು 9.5, 10, 10, 10, 10.5. ಅಲ್ಲೂ ಸರಾಸರಿ 10. ಆದರೆ ಆರಿಸಲು ಅವಕಾಶ ನಿಮ್ಮಲ್ಲೇ ಜಾಸ್ತಿ. ಎಲ್ಲವೂ ಒಂದೇ ತೂಕ ಇದ್ದರೆ ಆರಿಸುವುದು ಏನನ್ನು?

ಈ ಏರುಪೇರನ್ನು ಅಳೆಯೋಣ. ಪ್ರತಿ ತೂಕದಿಂದ 10 ಕಳೆಯಿರಿ, ಬಂದದ್ದನ್ನು ಅದರಿಂದಲೇ ಗುಣಿಸಿ: 4, 1, 0, 1, 4. ಒಟ್ಟು 10. ಮರಿ ಐದಿದ್ದರೂ 4ರಿಂದ ಭಾಗಿಸಬೇಕು, ಸರಾಸರಿಯನ್ನೂ ಇದೇ ಐದು ತೂಕಗಳಿಂದ ತೆಗೆದಿದ್ದೇವಲ್ಲ. ಬಂದ 2.5 ವೇರಿಯನ್ಸ್. ಅದರ ವರ್ಗಮೂಲ 1.58 ಕೆಜಿ, ಸ್ಟ್ಯಾಂಡರ್ಡ್ ಡೀವಿಯೇಷನ್; ಅಂದರೆ ಮರಿಗಳ ತೂಕ ಸರಾಸರಿಯಿಂದ ಹೆಚ್ಚುಕಡಿಮೆ ಇಷ್ಟು ಆಚೀಚೆ. ಪಕ್ಕದ ಮನೆಯದು ಬರೀ 0.35.

ಇಲ್ಲಿಗೇ 12 ಕೆಜಿ ಮರಿಗೆ ಕೈ ಹಾಕಬೇಡಿ. ವಹಿ ನೋಡಿ. 8 ಮತ್ತು 9 ಅವಳಿಗಳು, ಉಳಿದ ಮೂರು ಒಂಟಿ ಎಂದಿದ್ದರೆ? ಅವಳಿಗಳಿಗೆ ತಾಯಿಯ ಹಾಲು ಹಂಚಿಹೋಗುತ್ತದೆ. ಅವಳಿಗಳ ಸರಾಸರಿ 8.5, ಒಂಟಿಗಳದು 11. ಒಂದೊಂದು ಮರಿಯನ್ನೂ ಅದರ ಗುಂಪಿನ ಸರಾಸರಿಗೇ ಹೋಲಿಸಿ ಮತ್ತೆ ಲೆಕ್ಕ ಹಾಕಿದರೆ ಆ ಒಟ್ಟು 10 ಇದ್ದದ್ದು 2.5ಕ್ಕೆ ಇಳಿಯುತ್ತದೆ. ಏರುಪೇರಿನ ಮುಕ್ಕಾಲು ಪಾಲು ಒಂಟಿ-ಅವಳಿಯ ವ್ಯತ್ಯಾಸವೇ ಆಗಿತ್ತು! ನಮ್ಮ ಕಡೆಯ ಉಸ್ಮಾನಾಬಾದಿ ಆಡು ಅವಳಿ ಹಾಕುವುದಕ್ಕೇ ಹೆಸರಾದದ್ದು. ಕಣ್ಣಿಗೆ ದಪ್ಪ ಕಂಡ ಮರಿಯನ್ನೇ ಹೋತ ಮಾಡುತ್ತಾ ಹೋದರೆ ಒಂಟಿ ಹಾಕುವ ಆಡುಗಳ ಮರಿಗಳೇ ಮಂದೆಯ ಹೋತ ಆಗುತ್ತವೆ. ನನ್ನ ಕೇಳಿದರೆ 9 ಕೆಜಿಯ ಅವಳಿಯನ್ನೂ ಪಟ್ಟಿಯಲ್ಲಿಡಿ.

12 ಕೆಜಿಯದನ್ನೇ ತಳಿಗೆ ಬಿಟ್ಟಿರಿ ಅನ್ನೋಣ. ತನ್ನ ಗುಂಪಿಗಿಂತ 1 ಕೆಜಿ ಮುಂದಿದೆ. ಆ 1 ಕೆಜಿ ಪೂರಾ ಅದಕ್ಕೆ ಹುಟ್ಟುವ ಮರಿಗಳಿಗೆ ಬರುವುದಿಲ್ಲ. ಎಷ್ಟು ಪಾಲು ರಕ್ತದಿಂದ ಬಂದದ್ದು ಎನ್ನುವುದಕ್ಕೆ ಹೆರಿಟಬಿಲಿಟಿ ಅನ್ನುತ್ತಾರೆ. ಅದನ್ನು 0.3 ಅಂತ ಇಟ್ಟುಕೊಂಡರೆ 300 ಗ್ರಾಂ. ತಾಯಂದಿರನ್ನು ಆರಿಸಿಲ್ಲ, ಹಾಗಾಗಿ ಅದರಲ್ಲೂ ಅರ್ಧ, 150 ಗ್ರಾಂ. ಇಷ್ಟೇನಾ ಅನ್ನಬೇಡಿ, ಆ ಹೋತದ ಪ್ರತಿ ಮರಿಗೂ ಸರಾಸರಿ ಇಷ್ಟು ಸೇರುತ್ತದೆ.

ಐದು ಮರಿ ಲೆಕ್ಕ ಕಲಿಯಲಿಕ್ಕೆ ಮಾತ್ರ. ನಿಜವಾಗಿ ಆರಿಸುವಾಗ ಓಣಿಯ ಎಲ್ಲ ಮನೆಗಳ ತೂಕ ಸೇರಿಸಿ. ಒಂದು ಮನೆಯಲ್ಲಿ ತೊಗರಿ ಹೊಟ್ಟು ಧಾರಾಳ, ಇನ್ನೊಂದರಲ್ಲಿ ಬರೀ ಬಯಲು ಮೇವು. ಹಾಗಾಗಿ ಒಂದೊಂದು ಮರಿಯನ್ನೂ ಅದು ಬೆಳೆದ ಮನೆಯ, ಅದರದೇ ಒಂಟಿ ಇಲ್ಲವೇ ಅವಳಿ ಗುಂಪಿನ ಸರಾಸರಿಗೇ ಹೋಲಿಸಿ.